ತೇವದ ಊರಿನಲ್ಲಿ ಜಲವರ್ಣ

(ಮಂಗಳೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಜುಲೈ ಕೊನೆಯ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಮಾತಿಗೆ ಮೊದಲು ಈ ಮೇಜಿನ ಮೇಲಿರುವ ಬೋರ್ಡನ್ನು ತಾವೆಲ್ಲರೂ ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನೀವು ಒಳಬಂದು ಕೊಡೆಗಳನ್ನು ಬಾಗಿಲ ಬದಿಯಲ್ಲಿ ಒರಗಿಸುತ್ತಿದ್ದ ಹೊತ್ತಿನಲ್ಲಿ ನಾನು ಕಾಲು ಶೀಟ್ ಕಾಗದವನ್ನು ಎರಡು ಸಲ ನೀರಿನಲ್ಲಿ ತೋಯಿಸಿ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದ ಒಂದು ಬೂದು ವಾಶ್, ಅಂದರೆ ನೀರಾಗಿ ಕಲಸಿದ ಬಣ್ಣದ ತೆಳು ಪದರ, ಹಾಕಿಟ್ಟಿದ್ದೇನೆ. ಮೇಲಿನ ಎರಡು ಪಾಲು ಆಕಾಶ. ಕೆಳಗಿನ ಒಂದು ಪಾಲು ಬಂದರಿಗೂ ಆಚೆ ದಡದ ಬೆಂಗ್ರೆಗೂ ನಡುವಿನ ನೀರು. ಇದು ಒಣಗಿದ ಮೇಲೆ ದೂರದ ತೆಂಗಿನ ಸಾಲು ಮತ್ತು ಈಚೆಗೆ ಒಂದು ದೋಣಿ, ಇಷ್ಟು ಬರಬೇಕು. ಫೆಬ್ರವರಿಯಲ್ಲಾಗಿದ್ದರೆ ಸ್ವಾಗತ ಭಾಷಣ ಮುಗಿಯುವುದರೊಳಗೆ ಒಣಗಿರುತ್ತಿತ್ತು. ಈಗ ಮಳೆಗಾಲದ ಆಟಿ ತಿಂಗಳು. ನನ್ನ ಮಾತು ಮುಗಿದರೂ ಒಣಗುವ ಭರವಸೆ ನನಗಿಲ್ಲ.

ಇಷ್ಟು ವರ್ಷವೂ ಜಲವರ್ಣವನ್ನೇ ಏಕೆ ಹಿಡಿದುಕೊಂಡಿರಿ ಎಂಬುದು ಸಂಘಟಕರು ನನಗೆ ಕೊಟ್ಟ ಪ್ರಶ್ನೆ. ಇದಕ್ಕೆ ಎಲ್ಲರೂ ಹೇಳುವ ಉತ್ತರಗಳು ನಿಮಗೂ ಗೊತ್ತಿವೆ: ಸಾಮಾನು ಕಡಿಮೆ, ಹೆಗಲ ಚೀಲದಲ್ಲಿ ಹಿಡಿಸುತ್ತದೆ, ಬೇಗ ಒಣಗುತ್ತದೆ, ತೈಲವರ್ಣದ ವಾಸನೆಯ ಕಾಟವಿಲ್ಲ. ಇವುಗಳಲ್ಲಿ ಮೂರನೆಯದು ನಮ್ಮ ಕರಾವಳಿಯಲ್ಲಿ ವರ್ಷದ ನಾಲ್ಕು ತಿಂಗಳು ಸುಳ್ಳು. ಉಳಿದವು ನಿಜವಾದರೂ ಯಾರೂ ಅಂಥ ಅನುಕೂಲಗಳಿಗಾಗಿ ಒಂದು ಮಾಧ್ಯಮವನ್ನು ನಲವತ್ತು ವರ್ಷ ಪ್ರೀತಿಸಲಾರರು. ತೈಲವರ್ಣದ ಕಲಾವಿದನು ಕಿಟಕಿ ಮುಚ್ಚಿ ಕುಳಿತರೆ ತಾನು ಮಂಗಳೂರಿನಲ್ಲಿದ್ದೇನೆ ಎಂಬುದನ್ನು ಮರೆತುಬಿಡಬಹುದು. ನನಗೆ ಆ ಸೌಲಭ್ಯವಿಲ್ಲ. ಹೊರಗೆ ಮಳೆ ಹಿಡಿದಿದೆಯೇ, ಬಿಟ್ಟಿದೆಯೇ, ಕಡಲಿನಿಂದ ಗಾಳಿ ಬರುತ್ತಿದೆಯೇ ಎಂಬುದು ನನ್ನ ಕುಂಚ ಕಾಗದ ಮುಟ್ಟಿದ ಮರುಕ್ಷಣ ಕಾಗದದ ಮೇಲೆಯೇ ಕಾಣುತ್ತದೆ. ಊರಿನ ಗಾಳಿಯೂ ಕೈಹಾಕದ ಒಂದೇ ಒಂದು ಜಲವರ್ಣವನ್ನು ನಾನು ಈವರೆಗೆ ಮಾಡಿಲ್ಲ. ನನ್ನ ಪ್ರೀತಿಯ ಕಾರಣ ಇದು, ಮತ್ತು ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ತಂದೆ ಬೋಳಾರದ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ನಾನು ಎಂಟನೆಯ ತರಗತಿಯಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕಟ್ಟಿದಾಗ ಅವರು ಹಂಪನಕಟ್ಟೆಯಿಂದ ಹನ್ನೆರಡು ಬಿಲ್ಲೆಗಳ ಒಂದು ಬಣ್ಣದ ಡಬ್ಬಿ ತಂದುಕೊಟ್ಟರು. ಆ ಬಿಲ್ಲೆಗಳಲ್ಲಿ ಬಿಳಿಯದ್ದೂ ಒಂದಿತ್ತು. ಎಲ್ಲ ಮಕ್ಕಳಂತೆ ನಾನೂ ತಪ್ಪಾದಲ್ಲೆಲ್ಲ ಬಿಳಿ ಬಳಿದು ಮುಚ್ಚುತ್ತಿದ್ದೆ, ಮುಚ್ಚಿದ ಜಾಗ ಗೋಡೆಗೆ ಸುಣ್ಣದ ತೇಪೆ ಹಾಕಿದಂತೆ ಕಾಣುತ್ತಿತ್ತು. ನಮ್ಮ ಡ್ರಾಯಿಂಗ್ ಮಾಸ್ಟ್ರು ಒಂದು ದಿನ ಏನೂ ಹೇಳದೆ ಆ ಬಿಲ್ಲೆಯನ್ನು ಪೆನ್ಸಿಲ್ ಚೂರಿಯಿಂದ ಎಬ್ಬಿಸಿ ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. “ಪರೀಕ್ಷೆ ಮುಗಿದ ಮೇಲೆ ಕೇಳು, ಕೊಡ್ತೇನೆ” ಎಂದರು. ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಜಲವರ್ಣದಲ್ಲಿ ಕಾಗದವೇ ಬಿಳಿ. ಬೆಳಕು ಬೇಕಾದ ಜಾಗವನ್ನು ಮೊದಲೇ ನೋಡಿಟ್ಟುಕೊಂಡು ಮುಟ್ಟದೆ ಬಿಡಬೇಕು ಎಂಬ ನಿಯಮ ನನಗೆ ಹಾಗೆ ಬಂದದ್ದು. ನಿಯಮವೆಂದೆ, ಆದರೆ ಅಪಾರದರ್ಶಕ ಬಿಳಿಯನ್ನು ಬಳಸಿ ಒಳ್ಳೆಯ ಚಿತ್ರ ಮಾಡಿದವರು ಬಹಳ ಮಂದಿ ಇದ್ದಾರೆ, ಅವರ ಮೇಲೆ ನನ್ನ ತಕರಾರಿಲ್ಲ. ನನ್ನ ಕೈಗೆ ಅದು ಹೊಂದಲಿಲ್ಲ, ಅಷ್ಟೆ.

ಅದೇ ಮಾಸ್ಟ್ರು ಕಲಿಸಿದ ಇನ್ನೊಂದು ಪಾಠ ಹಿಂಗೈಯದ್ದು. ವಾಶ್ ಹಾಕಿದ ಕಾಗದದ ಮೇಲೆ ಬೆರಳು ಇಟ್ಟರೆ ಗುರುತು ಬೀಳುತ್ತದೆ. ಬದಲಿಗೆ ಕೈಯನ್ನು ಮಗುಚಿ ಬೆರಳಿನ ಹಿಂಭಾಗವನ್ನು ಕಾಗದದ ಅಂಚಿಗೆ ತಾಗಿಯೂ ತಾಗದ ಹಾಗೆ ಹಿಡಿಯಬೇಕು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದು ಅರ್ಥ, ಏಕೆಂದರೆ ಆವಿಯಾಗುತ್ತಿರುವ ನೀರು ಕಾಗದದ ಬಿಸಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡ ಕಾಗದವೂ ಕೈಗೆ ತಣ್ಣಗಿರುವುದುಂಟು; ಅಂಥ ಹೊತ್ತಿನಲ್ಲಿ ಬಣ್ಣ ಹಚ್ಚಿದವನ ಚಿತ್ರ ಕೆಡುತ್ತದೆ.

ಕಣ್ಣಿನಿಂದ ನೋಡುವುದಾದರೆ ಬೋರ್ಡನ್ನು ಮೇಲಿನಿಂದಲ್ಲ, ಓರೆಯಾಗಿ, ಕಿಟಕಿಯ ಬೆಳಕಿಗೆ ಎದುರಾಗಿ ನೋಡಬೇಕು. ಮುಂದಿನ ಸಾಲಿನಲ್ಲಿರುವವರು ಸ್ವಲ್ಪ ಬಾಗಿದರೆ ಈಗಲೇ ಕಾಣುತ್ತದೆ. ಮೊದಲು ನೀರು ಕಾಗದದ ಮೇಲೆ ಕನ್ನಡಿಯಂತೆ ನಿಂತಿರುತ್ತದೆ. ಆಗ ಬಣ್ಣ ಬಿಟ್ಟರೆ ಅದು ಹಿಡಿತಕ್ಕೆ ಸಿಕ್ಕದೆ ಎತ್ತಲೋ ಹೋಗುತ್ತದೆ. ಆಮೇಲೆ ಹೊಳಪು ತಗ್ಗಿ, ಕಾಗದದ ಮೈಯ ಉಬ್ಬುತಗ್ಗುಗಳು ಒದ್ದೆ ಬೈರಾಸಿನ ನೇಯ್ಗೆಯಂತೆ ಕಾಣತೊಡಗುತ್ತವೆ. ಮೋಡದ ಅಂಚು, ಮಳೆಯ ತೆರೆ, ದೂರದ ಗುಡ್ಡ ಎಲ್ಲವನ್ನೂ ಬಿಡಬೇಕಾದದ್ದು ಈ ಹೊತ್ತಿನಲ್ಲಿ. ಬೇಸಿಗೆಯಲ್ಲಿ ಈ ಹೊತ್ತು ಒಂದೆರಡು ನಿಮಿಷವೂ ಇರುವುದಿಲ್ಲ. ಮಳೆಗಾಲದಲ್ಲಿ ಅದು ಅಷ್ಟು ದೀರ್ಘವಾಗಿರುತ್ತದೆಂದರೆ, ನಾನು ಒಂದು ಲೋಟ ಚಹಾ ಕುಡಿದು ಬಂದು ಮೋಡ ಬಿಟ್ಟದ್ದುಂಟು. ಹೊಳಪು ಪೂರ್ತಿ ಹೋಗಿ ತೇವ ಮಾತ್ರ ಉಳಿದ ಮೂರನೆಯ ಹಂತದಲ್ಲಿ ಏನನ್ನೂ ಮಾಡಬಾರದು. ಆದರೆ ಮನುಷ್ಯನ ಕೈ ತುರಿಸುವುದು ಸರಿಯಾಗಿ ಆಗಲೇ.

ಆಗ ಕೈಯಿಟ್ಟರೆ ಏನಾಗುತ್ತದೆ ಎಂಬುದನ್ನು ನಿಮ್ಮಲ್ಲಿ ಹಲವರು ಅನುಭವಿಸಿದ್ದೀರಿ. ಅರೆತೇವದ ಬಣ್ಣದೊಳಗೆ ಹೊಸದಾಗಿ ಬಂದ ನೀರು, ಅಲ್ಲಿದ್ದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆಹಾಕುತ್ತದೆ, ಆಕಾಶದ ನಡುವೆ ಒಂದು ಹೂಕೋಸು ಅರಳುತ್ತದೆ. ಅಂಚು ಗಾಢವಾಗುವ ಈ ಗುಣಕ್ಕೂ ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆಗೂ ಹತ್ತಿರದ ನಂಟಿದೆ. ಕಾಫಿಯ ಹನಿ ಒಣಗಿದಾಗ ಬಣ್ಣವೆಲ್ಲ ಅಂಚಿಗೆ ಹೋಗಿ ಬಳೆಯಾಗುವುದೇಕೆ ಎಂಬುದನ್ನು 1997ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಿಸಿದರು: ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಲ್ಲಿ ನೀರು ಬೇಗ ಆರುತ್ತದೆ, ಆರಿದ ನೀರಿನ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತಾ ಕಣಗಳನ್ನೂ ಹೊತ್ತೊಯ್ಯುತ್ತದೆ. ಜಲವರ್ಣದ ಎಲೆಯೊಂದಕ್ಕೆ ಸಣ್ಣ ಗೆರೆ ಎಳೆದಂಥ ಅಂಚು ತಾನಾಗಿ ಬರುವುದೂ ಇದರಿಂದಲೇ. ಕುಂಚ ಎತ್ತಿದ ಮೇಲೂ ಚಿತ್ರದ ಕೆಲಸ ನಡೆಯುತ್ತಿರುತ್ತದೆ ಎಂದು ನಾನು ಹೇಳಿದರೆ ಅದು ಕವಿತ್ವದ ಮಾತಲ್ಲ. ಹರಿಯುವ ನೀರಿನ ಲೆಕ್ಕ.

ಇನ್ನು ಕಾಗದದ ವಿಷಯ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಬಣ್ಣಕ್ಕೆ ಹಾಕುವ ದುಡ್ಡನ್ನು ಕಾಗದಕ್ಕೆ ಹಾಕುವುದಿಲ್ಲ. ಹಾಕಿದವರು ಅದನ್ನು ಕಾಪಾಡುವುದಿಲ್ಲ. ಒಳ್ಳೆಯ ಜಲವರ್ಣದ ಕಾಗದವನ್ನು ಮಾಡುವುದು ಮರದ ತಿರುಳಿನಿಂದಲ್ಲ, ಹತ್ತಿಯಿಂದ. ಅದಕ್ಕೆ ಜೆಲಟಿನ್ನಿನಂಥ ಸರೇಸನ್ನು ಉಣಿಸಿರುತ್ತಾರೆ. ಆ ಸರೇಸು ಇಲ್ಲದಿದ್ದರೆ ಕಾಗದ ಒತ್ತುಕಾಗದದಂತೆ ಬಣ್ಣವನ್ನು ಒಳಗೆ ಕುಡಿದುಬಿಡುತ್ತದೆ; ಇದ್ದರೆ ಬಣ್ಣ ಮೇಲೆಯೇ ನಿಂತು ಬೆಳಕನ್ನು ತನ್ನ ಮೂಲಕ ಕಾಗದಕ್ಕೆ ಹೋಗಗೊಟ್ಟು ಮರಳಿಸುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದವು ನೀರಿಗೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಅದಕ್ಕಿಂತ ತೆಳುವಾದದ್ದನ್ನು ನೆನೆಸಿ, ಗೋಂದಿನ ಪಟ್ಟಿಯಿಂದ ಹಲಗೆಗೆ ಅಂಟಿಸಿ, ಚೆಂಡೆಯ ಚರ್ಮದಂತೆ ಬಿಗಿಯಾಗುವವರೆಗೆ ಒಣಗಿಸಬೇಕು. ಚೆಂಡೆಯವರಿಗೂ ಮಳೆಗಾಲದಲ್ಲಿ ಚರ್ಮ ಬಿಗಿ ಹಿಡಿಯದ ಕಷ್ಟವಿದೆ. ನಮ್ಮ ಕಷ್ಟವೂ ಅದೇ.

ಹಲವು ವರ್ಷಗಳ ಹಿಂದೆ, ಒಂದು ಚಿತ್ರ ಮಾರಿ ಬಂದ ದುಡ್ಡಿನಲ್ಲಿ ನಾನು ಫ್ರಾನ್ಸಿನ ಆರ್ಷ್ ಕಾಗದದ ಹತ್ತು ಪೂರ್ತಿ ಶೀಟ್‌ಗಳನ್ನು ಮುಂಬಯಿಯಿಂದ ತರಿಸಿದೆ. ಇಪ್ಪತ್ತೆರಡು ಇಂಚಿಗೆ ಮೂವತ್ತು ಇಂಚಿನ ಆ ಶೀಟ್‌ಗಳನ್ನು ಮುಟ್ಟಲೂ ಹೆದರಿ, ಒಳ್ಳೆಯ ದಿನಕ್ಕೆಂದು ಮರದ ಕಪಾಟಿನಲ್ಲಿ, ಗೋಡೆಗೆ ಒತ್ತಿದ ಹಿಂಬದಿಯಲ್ಲಿ ಇಟ್ಟೆ. ಎರಡು ಮಳೆಗಾಲ ಕಳೆಯಿತು. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗೋಡೆ ಬೆವರುವುದನ್ನು ನಾನು ಚಿಕ್ಕಂದಿನಿಂದ ನೋಡಿದವನಾದರೂ ಗೋಡೆಯ ಪಕ್ಕ ಕಾಗದ ಇಟ್ಟೆನಲ್ಲ, ಅದಕ್ಕೆ ಯಾರನ್ನು ಬೈಯಲಿ? ಹೊರತೆಗೆದಾಗ ಹಾಳೆಗಳು ಹಾಲಿನಂತೆ ಬೆಳ್ಳಗೇ ಇದ್ದವು. ಒಂದನ್ನು ಹಲಗೆಗೆ ಹಾಕಿ, ತೆಳುವಾದ ನೀಲಿ ವಾಶ್ ಒಂದನ್ನು ಮೇಲಿನಿಂದ ಕೆಳಕ್ಕೆ ಎಳೆದೆ. ಅರ್ಧ ನಿಮಿಷದಲ್ಲಿ ಆಕಾಶದ ತುಂಬ ಗಾಢ ನೀಲಿಯ ಚುಕ್ಕೆಗಳು ಎದ್ದವು, ಸಿಡುಬು ಎದ್ದ ಹಾಗೆ. ಕಣ್ಣಿಗೆ ಕಾಣದ ಬೂಷ್ಟು ಅಲ್ಲಲ್ಲಿ ಸರೇಸನ್ನು ತಿಂದುಹಾಕಿತ್ತು. ಆ ಜಾಗಗಳಲ್ಲೆಲ್ಲ ಕಾಗದ ಬಣ್ಣವನ್ನು ಹೀರಿಕೊಂಡಿತ್ತು. ಹತ್ತೂ ಶೀಟ್‌ಗಳ ಗತಿ ಅದೇ.

ಅಜ್ಜಿ ಆ ಹೊತ್ತಿಗೆ ಬದುಕಿದ್ದರು. ಅವರು ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ, ಅಡುಗೆಮನೆಯ ಪಕ್ಕಾಸಿಗೆ ತೂಗುಹಾಕಿ, ಮಳೆಗಾಲವಿಡೀ ಕೊಳೆಯದಂತೆ ಕಾಪಾಡುತ್ತಿದ್ದವರು. “ಗೋಡೆಗೆ ತಾಗಿಸಿ ಇಟ್ಟರೆ ಸೌತೆಕಾಯಿಯೇ ಉಳಿಯುವುದಿಲ್ಲ ಮಗಾ, ಕಾಗದ ಉಳಿದೀತಾ?” ಎಂದರು. ಅಂದಿನಿಂದ ನನ್ನ ಕಾಗದಗಳು ಅಡುಗೆಮನೆಯ ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರುತ್ತವೆ. ಮೇ ತಿಂಗಳ ಕೊನೆಯಲ್ಲಿ ಆ ಪೊಟ್ಟಣಗಳನ್ನು ಬಾಣಲೆಯಲ್ಲಿ ಬಿಸಿಮಾಡಿ ತೇವ ಬಿಡಿಸುವುದು ನಮ್ಮ ಮನೆಯಲ್ಲಿ ಹಪ್ಪಳ ಒಣಗಿಸುವಷ್ಟೇ ಕ್ರಮಬದ್ಧವಾದ ಕೆಲಸ. ಕೆಟ್ಟ ಹತ್ತು ಶೀಟ್‌ಗಳನ್ನು ನಾನು ಎಸೆಯಲಿಲ್ಲ. ಮುರಕಲ್ಲಿನ ಪಾಗಾರ, ಪಾಚಿ ಹಿಡಿದ ಹಂಚಿನ ಮಾಡು ಇವುಗಳನ್ನು ಆ ಕಾಗದದ ಮೇಲೆ ಮಾಡಿದರೆ ಚುಕ್ಕೆಗಳು ತಾವಾಗಿ ಪಾಚಿಯಾಗುತ್ತಿದ್ದವು. ಹಾಗೆ ಮಾಡಿದ ಎರಡು ಚಿತ್ರಗಳು ಇವತ್ತಿಗೂ ನನಗೆ ಇಷ್ಟ, ಆದರೆ ಬೇಕೆಂದೇ ಕಾಗದ ಕೆಡಿಸಿ ಇದನ್ನು ಮಾಡಿಸಬಹುದೆಂದು ಹೊರಟಾಗ ಬರಲಿಲ್ಲ.

ಹಂಚಿನ ಮಾತು ಬಂತು. ನಮ್ಮ ಊರಿನ ಮಾಡುಗಳನ್ನು ಬರೆಯಲು ಎಲ್ಲ ಜಲವರ್ಣದವರೂ ಮೊದಲು ಕೈಹಾಕುವುದು ಬರ್ನ್ಟ್ ಸಿಯೆನ್ನಾಕ್ಕೆ. ಆ ಬಣ್ಣ ಮೂಲದಲ್ಲಿ ಕಬ್ಬಿಣದ ಅಂಶವಿರುವ ಹಳದಿ ಮಣ್ಣು. ಅದನ್ನು ಸುಟ್ಟಾಗ ನೀರಿನಂಶ ಹೋಗಿ ಕೆಂಪಾಗುತ್ತದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ, ನೇತ್ರಾವತಿಯ ದಡದ ಜೇಡಿಯನ್ನು ಗೂಡಿನಲ್ಲಿ ಸುಟ್ಟು ಪಡೆದ ಕೆಂಪು ಕೂಡ ಅದೇ ಕಬ್ಬಿಣದ ಕೆಂಪು. ಮುರಕಲ್ಲಿನ ಕೆಂಪೂ ಅದೇ. ಅಂದರೆ ಟ್ಯೂಬಿನಿಂದ ಬರ್ನ್ಟ್ ಸಿಯೆನ್ನಾ ಹಿಂಡಿ ಹಂಚಿನ ಮನೆ ಬರೆಯುವವನು ಮಣ್ಣಿನಿಂದಲೇ ಮಣ್ಣನ್ನು ಬರೆಯುತ್ತಿರುತ್ತಾನೆ. ಇದು ಹೊಳೆದ ದಿನ ನಾನು ತಂದೆಯವರ ಕಾರ್ಖಾನೆಯ ಹಿಂದೆ ಬಿದ್ದಿದ್ದ ಒಡಕು ಹಂಚೊಂದನ್ನು ಮನೆಗೆ ತಂದೆ.

ಅದನ್ನು ಕುಟ್ಟಿ, ಬಟ್ಟೆಯಲ್ಲಿ ಜಾಲಿಸಿ, ನೀರಿನಲ್ಲಿ ಕದಡಿ, ದಪ್ಪ ಹರಳು ತಳಕ್ಕಿಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿದೆ. ಮತ್ತೆ ಹಾಗೆಯೇ ಮೂರು ಸಲ. ಕೊನೆಗೆ ತಳದಲ್ಲಿ ನಿಂತ ನುಣುಪಾದ ಕೆಸರನ್ನು ಒಣಗಿಸಿದಾಗ ಎರಡು ಚಮಚ ಪುಡಿ ಸಿಕ್ಕಿತು. ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿಸಲು ಬೇಕಾದ್ದು ಅರೇಬಿಕ್ ಗೋಂದು, ಸುಡಾನ್ ಮೊದಲಾದ ದೇಶಗಳಲ್ಲಿ ಬೆಳೆಯುವ ಜಾಲಿ ಜಾತಿಯ ಮರದ ಅಂಟು. ಅದನ್ನು ನೀರಿನಲ್ಲಿ ಕರಗಿಸಿ, ಬಣ್ಣ ಬಿರಿಯದಿರಲೆಂದು ಒಂದೆರಡು ತೊಟ್ಟು ಜೇನು ಸೇರಿಸಿ, ಗಾಜಿನ ತುಂಡಿನ ಮೇಲೆ ಅರೆದೆ. ಕುಂಚಕ್ಕೆ ಹರಳು ಹರಳಾಗಿ ಸಿಗುವ, ಅಂಗಡಿಯ ಬಣ್ಣದಷ್ಟು ಪಾರದರ್ಶಕವಲ್ಲದ, ಸ್ವಲ್ಪ ಕಿತ್ತಳೆಯತ್ತ ವಾಲಿದ ಕೆಂಪು ಅದು. ಅಂಗಡಿಯ ಬಣ್ಣವೇ ಮೇಲು ಎಂದು ಒಪ್ಪಿಕೊಳ್ಳಬೇಕು. ಆದರೂ ಬೋಳಾರದ ಆ ಕಾರ್ಖಾನೆಯ ಚಿಮಣಿಯನ್ನು ನಾನು ಬರೆದದ್ದು ಆ ಕಾರ್ಖಾನೆಯ ಹಂಚಿನಿಂದಲೇ. ಕಾರ್ಖಾನೆ ಈಗಿಲ್ಲ, ಚಿತ್ರ ನಮ್ಮ ಚಾವಡಿಯಲ್ಲಿದೆ. ನಮ್ಮ ತಂದೆಯವರು ಅದನ್ನು ನೋಡಿ ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಚಿಮಣಿಯ ಇಟ್ಟಿಗೆಯ ಸುತ್ತುಗಳನ್ನು ಎಣಿಸಿ ಎರಡು ಕಡಿಮೆ ಇದೆ ಎಂದರು.

ನೀರಿನಲ್ಲಿ ಬಣ್ಣ ಕಲಸಿ ಬರೆಯುವ ಕಲೆ ಬ್ರಿಟಿಷರ ಜೊತೆ ಪೆಟ್ಟಿಗೆಯಲ್ಲಿ ಬಂದದ್ದೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಡಬ್ಬಿ ಮತ್ತು ಟ್ಯೂಬಿನ ಮಟ್ಟಿಗೆ ಅದು ನಿಜ. ಆದರೆ ಈ ಕರಾವಳಿಯ ಕಾವಿ ಕಲೆಯನ್ನು ನೋಡಿ. ಗೋಡೆಗೆ ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳು ಪದರ. ಅದು ಇನ್ನೂ ಹಸಿಯಿರುವಾಗಲೇ ಮೊನೆಯಾದ ಉಪಕರಣದಿಂದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಚಿತ್ರವಾಗಿ ಹೊರಬರುತ್ತದೆ. ಅಲ್ಲಿಯೂ ಬಿಳಿ ಬಳಿಯುವುದಿಲ್ಲ, ಬಿಳಿ ಮೊದಲೇ ಇದೆ. ಅಲ್ಲಿಯೂ ಗಾರೆ ಒಣಗುವುದರೊಳಗೆ ಕೈ ಓಡಬೇಕು. ನಮ್ಮ ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳಲ್ಲಿ ತೈಲವರ್ಣದವುಗಳ ಜೊತೆಗೆ ಗೋಡೆಯ ಫ್ರೆಸ್ಕೋಗಳೂ ಇವೆ. ಫ್ರೆಸ್ಕೋ ಎಂದರೆ ಹಸಿ ಸುಣ್ಣದ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಗೋಂದಿಲ್ಲ, ಸುಣ್ಣವೇ ಗಾಳಿಯನ್ನು ಕುಡಿದು ಕಲ್ಲಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಸಂತರ ಮುಖಗಳನ್ನು ನೋಡುತ್ತಾರೆ. ನಾನು ಗೋಡೆಯನ್ನು ನೋಡುತ್ತಾ, ಈ ಊರಿನ ಜುಲೈ ತಿಂಗಳಲ್ಲಿ ಆ ಮನುಷ್ಯನ ಗಾರೆ ಎಷ್ಟು ಹೊತ್ತು ಹಸಿಯಾಗಿ ಉಳಿದಿತ್ತೋ ಎಂದು ಯೋಚಿಸುತ್ತಿರುತ್ತೇನೆ.

ತೇವವನ್ನು ಶತ್ರುವೆಂದು ತಿಳಿಯದೆ ಒಳಗೆ ಬಿಟ್ಟುಕೊಂಡ ದೊಡ್ಡವರು ಬೇರೆಯೂ ಇದ್ದಾರೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1819ರಲ್ಲಿ ಮೊದಲ ಸಲ ವೆನಿಸ್‌ಗೆ ಹೋದಾಗ ಮಾಡಿದ ಜಲವರ್ಣಗಳಲ್ಲಿ ಕೆಲವು, ಮೂರೋ ನಾಲ್ಕೋ ತೆಳು ವಾಶ್‌ಗಳಲ್ಲಿ ಮುಗಿದುಹೋಗಿವೆ. ಹಿನ್ನೀರಿನ ಆಚೆಯ ಊರು ಒಂದು ನೀಲಿ ಉಸಿರಿನಂತಿದೆ. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರು ಜಪಾನಿನಿಂದ ಬಂದ ಕಲಾವಿದರ ಕೆಲಸ ನೋಡಿ ರೂಪಿಸಿಕೊಂಡ ವಿಧಾನದಲ್ಲಂತೂ ಬಣ್ಣ ಹಚ್ಚಿದ ಕಾಗದವನ್ನೇ ನೀರಿನಲ್ಲಿ ಅದ್ದಿ ತೆಗೆದು, ಮತ್ತೆ ಹಚ್ಚಿ, ಮತ್ತೆ ಅದ್ದುತ್ತಿದ್ದರು. ಅವರ ಬಳಿ ಕಲಿತ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಊಟಿ ಮತ್ತು ಕೊಡೈಕನಾಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಮೊದಲ ಸಲ ಆ ಚಿತ್ರಗಳ ಮುಂದೆ ನಿಂತಾಗ ನನಗೆ ಇಪ್ಪತ್ತೆರಡು ವರ್ಷ. ಎರಡು ಬೆಟ್ಟಗಳ ನಡುವಿನ ಮಂಜನ್ನು ಎಲ್ಲಿ ಹಚ್ಚಿದ್ದಾರೆಂದು ಹುಡುಕಿದೆ, ಎಲ್ಲಿಯೂ ಹಚ್ಚಿರಲಿಲ್ಲ. ಹಿಂದಿನ ಬೆಟ್ಟದ ಬುಡವನ್ನು ನೀರಿನಲ್ಲಿ ಕರಗಿಸಿ, ಮುಂದಿನ ಬೆಟ್ಟದ ತಲೆಯನ್ನು ಗಟ್ಟಿಯಾಗಿ ನಿಲ್ಲಿಸಿದ್ದರು. ಅಷ್ಟಕ್ಕೇ ಕಣ್ಣು ಮಂಜನ್ನು ಕಾಣುತ್ತಿತ್ತು. ಆ ದಿನ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಬೆಳಗಾಗುತ್ತಿತ್ತು. ಕಿಟಕಿಯ ಹೊರಗೆ ಅದೇ ಬೆಟ್ಟ, ಅದೇ ಬುಡವಿಲ್ಲದ ಬಿಳುಪು. ನನಗೆ ನನ್ನ ಊರಿನ ದಾರಿಯನ್ನು ವೆಂಕಟಪ್ಪನವರು ತೋರಿಸಿಕೊಟ್ಟಂತಾಯಿತು.

ಉಡುಪಿಯ ಕಡೆಯವರು ಇಲ್ಲಿದ್ದೀರಿ, ಹೆಬ್ಬಾರರ ಹೆಸರೆತ್ತದೆ ಇಳಿದರೆ ಬಿಡುವುದಿಲ್ಲ. 1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ದೊಡ್ಡ ಕೃತಿಗಳು ತೈಲವರ್ಣದವು. ನಾನು ಅವರಿಂದ ಕಲಿತದ್ದು ಅವರ ಗೆರೆಯಿಂದ. ಕುಣಿಯುವವರ ಮೈಯನ್ನು ನಾಲ್ಕು ಗೆರೆಗಳಲ್ಲಿ ಹಿಡಿದು ಐದನೆಯದನ್ನು ಎಳೆಯದಿರುವ ಆ ಧೈರ್ಯ ಜಲವರ್ಣದವನಿಗೆ ದಿನವೂ ಬೇಕು.

ಕೊಳ್ಳುವವರ ಒಂದು ಪ್ರಶ್ನೆಗೂ ಉತ್ತರಿಸಬೇಕು. ಪ್ರದರ್ಶನಗಳಲ್ಲಿ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಬೆಲೆಯ ಚೀಟಿ ನೋಡಿ, ಮೆಲ್ಲಗೆ ಹತ್ತಿರ ಬಂದು, “ಚಂದ ಉಂಟು. ಆದರೆ ಇದು ಪೇಪರ್ ಅಲ್ವಾ ಸಾರ್, ಎಷ್ಟು ವರ್ಷ ಬಾಳಿಕೆ ಬರ್ತದೆ?” ಎಂದು ಕೇಳುತ್ತಾರೆ. ಜರ್ಮನಿಯ ಡ್ಯೂರರ್ 1502ರಲ್ಲಿ ಜಲವರ್ಣದಲ್ಲಿ ಬರೆದ ಮೊಲವೊಂದು ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ, ಅದರ ಮೀಸೆಯ ಕೂದಲೂ ಕೆಟ್ಟಿಲ್ಲ ಎಂದು ನಾನು ಹೇಳುತ್ತೇನೆ. ಆ ಮೊಲವನ್ನು ಬೆಳಕಿನಿಂದ ಕಾಪಾಡುವ ಸಲುವಾಗಿ ಅಪರೂಪಕ್ಕೆ ಮಾತ್ರ ಹೊರಗಿಡುತ್ತಾರೆ ಎಂಬುದನ್ನು ಮೊದಲೆಲ್ಲ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ, ಕಾರಣವಿದೆ.

ನನ್ನ ಹಳೆಯ ಚಿತ್ರವೊಂದರಲ್ಲಿ ಉಡುಪಿಯ ರಥಬೀದಿಯ ಸಂಜೆಯಿತ್ತು. ಆಕಾಶಕ್ಕೂ ರಥದ ಬಟ್ಟೆಗೂ ಅಲಿಝರಿನ್ ಕ್ರಿಮ್ಸನ್ ಧಾರಾಳವಾಗಿ ಬಳಸಿದ್ದೆ. 1868ರಲ್ಲಿ ರಸಾಯನಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ತಯಾರಿಸಿದ ಅಲಿಝರಿನ್‌ನಿಂದ ಬರುವ ಈ ಕೆಂಪು ತೆಳುವಾಗಿ ಹಚ್ಚಿದಾಗ ಬಹಳ ಸುಂದರ, ಬಿಸಿಲಿಗೆ ನಿಲ್ಲುವುದಿಲ್ಲ. ಓದಿ ಗೊತ್ತಿತ್ತು, ನಂಬಿರಲಿಲ್ಲ. ಕೊಂಡವರು ಅದನ್ನು ಪಶ್ಚಿಮದ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದರು. ಹನ್ನೆರಡು ವರ್ಷದ ನಂತರ ಅವರ ಮನೆಗೆ ಊಟಕ್ಕೆ ಹೋದಾಗ ಸಂಜೆ ಹೋಗಿ ಮಧ್ಯಾಹ್ನವಾಗಿತ್ತು. ರಥದ ಬಟ್ಟೆ ಬಿಳಿ, ಆಕಾಶ ಬೂದು. ಮಣ್ಣಿನ ಬಣ್ಣಗಳಲ್ಲಿ ಮಾಡಿದ ಬೀದಿ ಮತ್ತು ಮನೆಗಳು ಮಾತ್ರ ನಿನ್ನೆ ಬರೆದಂತೆ ಇದ್ದವು. ಮನೆಯವರಿಗೆ ಗೊತ್ತೇ ಆಗಿರಲಿಲ್ಲ, ದಿನವೂ ನೋಡುವವರಿಗೆ ಅದು ತಿಳಿಯುವುದಿಲ್ಲ. ನಾನು ಬೇರೆ ಚಿತ್ರ ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಅಂದೇ ನನ್ನ ಡಬ್ಬಿಯಿಂದ ಅಲಿಝರಿನ್ ಹೊರಗೆ ಹೋಯಿತು. ಈಗ ಕ್ವಿನಾಕ್ರಿಡೋನ್ ಎಂಬ, ಬೆಳಕಿಗೆ ಗಟ್ಟಿಯಾಗಿ ನಿಲ್ಲುವ ಕೆಂಪನ್ನು ಬಳಸುತ್ತೇನೆ. ವಿದ್ಯಾರ್ಥಿಗಳೇ, ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಬಣ್ಣದ ಹೆಸರು ಮಾರುವುದಕ್ಕಾಗಿ ಇಟ್ಟದ್ದು. ಒಳಗೆ ಯಾವ ವರ್ಣದ್ರವ್ಯವಿದೆ, ಬೆಳಕಿಗೆ ಎಷ್ಟು ಗಟ್ಟಿ ಎಂಬುದು ಆ ಸಣ್ಣ ಅಕ್ಷರಗಳಲ್ಲಿರುತ್ತದೆ.

ಕುಂಚಗಳ ಬಗ್ಗೆ ಒಂದೇ ಮಾತು. ನಾವು ಕಲಿಯುವಾಗ ಮುಂಗುಸಿಯ ಕೂದಲಿನ ಕುಂಚಗಳು ಎಲ್ಲ ಅಂಗಡಿಗಳಲ್ಲಿ ಸಿಗುತ್ತಿದ್ದವು, ನಾನೂ ಬಳಸಿದ್ದೇನೆ. ಮುಂಗುಸಿಗೆ ಕಾನೂನಿನ ರಕ್ಷಣೆಯಿದೆ, ಆ ಕುಂಚಗಳ ಮಾರಾಟ ಅಪರಾಧ. ಯಾರಾದರೂ ಮೇಜಿನ ಕೆಳಗಿನಿಂದ ತೆಗೆದುಕೊಟ್ಟರೂ ಕೊಳ್ಳಬೇಡಿ. ಇವತ್ತಿನ ಒಳ್ಳೆಯ ಸಿಂಥೆಟಿಕ್ ಕುಂಚ ನೀರನ್ನು ಸಾಕಷ್ಟು ಹಿಡಿಯುತ್ತದೆ, ಮೊನೆಯೂ ನಿಲ್ಲುತ್ತದೆ. ಈ ವಾಶ್ ಹಾಕಿದ್ದು ಅಂಥದ್ದರಲ್ಲಿಯೇ.

ಈಗ ಬೋರ್ಡಿಗೆ ಮರಳೋಣ. ಒಂದು ಗಂಟೆಯ ಹತ್ತಿರವಾಯಿತು. ಮೇಲಿನ ಎಡಮೂಲೆ ಒಣಗಿದೆ. ಬಣ್ಣ ಹಾಕಿದಾಗ ಇದ್ದುದಕ್ಕಿಂತ ಒಂದು ಪಾಲು ತಿಳಿಯಾಗಿದೆ, ಜಲವರ್ಣ ಒಣಗಿದಾಗ ಯಾವಾಗಲೂ ತಿಳಿಯಾಗುತ್ತದೆ, ಅದನ್ನು ಲೆಕ್ಕ ಹಿಡಿದೇ ಗಾಢವಾಗಿ ಹಾಕಿದ್ದೆ. ಅಲ್ಟ್ರಾಮರೀನಿನ ಕಣಗಳು ಕಾಗದದ ಕುಳಿಗಳಿಗೆ ಇಳಿದು ಕೂತಿವೆ, ಸಿಯೆನ್ನಾ ಅವುಗಳಿಂದ ಸ್ವಲ್ಪ ಬೇರೆಯಾಗಿ ನಿಂತಿದೆ. ಆದ್ದರಿಂದ ದೂರದಿಂದ ಒಂದೇ ಬೂದಾಗಿ ಕಾಣುವ ಆಕಾಶ ಹತ್ತಿರದಿಂದ ನೀಲಿ ಮತ್ತು ಕಂದುಗಳ ಮರಳಿನಂತಿದೆ. ಇದನ್ನು ನಾನು ಕುಂಚದಿಂದ ಮಾಡಲಾರೆ. ಬಲಗಡೆ, ಬೋರ್ಡಿನ ಓರೆಗೆ ನೀರು ಇಳಿದು ನಿಂತ ಕೆಳಮೂಲೆ ಇನ್ನೂ ಹೊಳೆಯುತ್ತಿದೆ. ನಡುವೆ, ನಾನು ದೋಣಿ ಇಡಬೇಕೆಂದಿದ್ದ ಜಾಗ ನೋಡಲು ಒಣಗಿದೆ. ಮುಂದಿನ ಸಾಲಿನ ಈ ಹುಡುಗಿ ಹಿಂಗೈ ತಾಗಿಸಿ ನೋಡಿ ಹೇಳಲಿ.

ತಣ್ಣಗಿದೆಯಂತೆ.

ಹೇರ್ ಡ್ರೈಯರ್ ತರಬೇಕೇ ಎಂದು ಕಾರ್ಯದರ್ಶಿಗಳು ಕೇಳುತ್ತಿದ್ದಾರೆ. ಮನೆಯಲ್ಲಿ ನಾನೂ ಬಳಸುವುದುಂಟು, ಅದರಲ್ಲಿ ಪಾಪವೇನಿಲ್ಲ. ಆದರೆ ಅದರ ಗಾಳಿ ಒದ್ದೆಯಿರುವ ಈ ಬಲಮೂಲೆಯ ಬಣ್ಣವನ್ನು ಒಣಗಿದ ಕಡೆಗೆ ತಳ್ಳಿ ಇಷ್ಟು ಹೊತ್ತು ತಾನಾಗಿ ಆದದ್ದನ್ನು ಕೆಡಿಸುತ್ತದೆ. ಫ್ಯಾನ್ ಸಾಕು. ದೋಣಿಯನ್ನು ನಾಳೆ ಬೆಳಿಗ್ಗೆ ಇಡುತ್ತೇನೆ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ಹತ್ತಿರ ಬಂದು ನೋಡುವವರು ದಯವಿಟ್ಟು ಕೊಡೆಯನ್ನು ಅಲ್ಲಿಯೇ ಬಿಟ್ಟು ಬನ್ನಿ, ಒಂದು ಹನಿ ಬಿದ್ದರೂ ಬೆಂಗ್ರೆಯ ಮೇಲೆ ಹೂಕೋಸು ಅರಳುತ್ತದೆ.